ಅರ್ಧಕ್ಕೆ ನಿಂತ ಮಿಂಚು

ನಾನು ಅನುಮಾನದ ಮನುಷ್ಯ. ಇದನ್ನು ನಾಚಿಕೆಯಿಂದ ಹೇಳುತ್ತಿಲ್ಲ, ಅನುಮಾನವೇ ನನಗೆ ಅನ್ನ ಕೊಟ್ಟಿದೆ. ಬೈಲಹೊಂಗಲದ ಒಂದು ದಲಾಲಿ ಅಡತಿ ಅಂಗಡಿಯಲ್ಲಿ ಮೂವತ್ತೆಂಟು ವರ್ಷ ಹತ್ತಿ ನೋಡುವ ಕೆಲಸ ಮಾಡಿದೆ. ರೈತ ಅಂಡಿಗೆ, ಅಂದರೆ ಹತ್ತಿ ತುಂಬಿದ ದೊಡ್ಡ ಚೀಲ, ತಂದು ಇಳಿಸುತ್ತಿದ್ದ. ಮೇಲೆ ಮಲ್ಲಿಗೆಯಂಥ ಹತ್ತಿ ಇರುತ್ತಿತ್ತು. ನಾನು ಅದರ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಅಂಗಿಯ ತೋಳು ಮಡಚಿ, ಭುಜದವರೆಗೆ ಕೈ ಒಳಗೆ ತೂರಿಸಿ, ನಟ್ಟನಡುವಿನಿಂದ ಒಂದು ಹಿಡಿ ಕಿತ್ತು ತೆಗೆಯುತ್ತಿದ್ದೆ. ಹತ್ತರಲ್ಲಿ ಮೂರು ಅಂಡಿಗೆಗಳ ಹೊಟ್ಟೆಯಲ್ಲಿ ಹತ್ತಿ ಒದ್ದೆಯಾಗಿರುತ್ತಿತ್ತು. ತೂಕ ಬರಲಿ ಎಂದು ನೀರು ಚಿಮುಕಿಸಿ ತಂದದ್ದು. ಅಂಥವರು ನನ್ನನ್ನು ಕಂಡರೆ ಬೇರೆ ಅಂಗಡಿಗೆ ಗಾಡಿ ತಿರುಗಿಸುತ್ತಿದ್ದರು.

ಕೆಲಸ ಬಿಟ್ಟು ಊರಿಗೆ ಬಂದ ಮೇಲೂ ಈ ಚಟ ಹೋಗಲಿಲ್ಲ. ನನ್ನ ಹೆಂಡತಿ ಚನ್ನವ್ವ, "ಹಡದವ್ವನ ಹಾಲಿನ್ಯಾಗೂ ನೀರು ಹುಡಕೂ ಪೈಕಿ ನೀವು," ಎನ್ನುತ್ತಾಳೆ. ಅನ್ನಲಿ. ನಮ್ಮೂರು ಯರಗಟ್ಟಿಯಿಂದ ಸವದತ್ತಿಗೆ ಹೋಗುವ ದಾರಿಯಲ್ಲಿ ಒಳಗಡೆ ಇದೆ. ಊರಿಗೆ ಒಂದು ಕೆರೆ. ಆ ಕೆರೆಗೊಂದು ಕಮಿಟಿ. ಹೆಚ್ಚು ಅನುಮಾನ ಪಡುವವನು ಇವನೇ ಎಂದು ನನ್ನನ್ನೇ ಅದಕ್ಕೆ ಹಿರಿಯನನ್ನಾಗಿ ಮಾಡಿದ್ದರು.

ಎರಡು ಸಾವಿರದ ಆರನೇ ಇಸವಿಯ ಯುಗಾದಿ ಮುಗಿದು ಎರಡನೇ ದಿನ ಬೆಳಗಿನ ಜಾವ ನಾನು ಕೆರೆಯ ಕಡೆ ಹೋಗಿದ್ದೆ. ನೀರಿಗಿಳಿಯುವ ಪಾವಟಿಗೆಯ ಮೆಟ್ಟಿಲ ಮೇಲೆ ಲಕ್ಕಪ್ಪ ಕುಕ್ಕರಗಾಲಲ್ಲಿ ಕೂತಿದ್ದ. ಕೆರೆಯ ಆಚೆ ದಂಡೆಗೆ ಅವನ ನಾಲ್ಕು ಎಕರೆ ಹೊಲ, ಹೊಲದಲ್ಲೇ ಮನೆ. ಅವನ ಕೈಯಲ್ಲಿ ಬಟ್ಟೆ ಮುಚ್ಚಿದ ಒಂದು ಚರಿಗೆ ಇತ್ತು. ಅತ್ತಿತ್ತ ನೋಡಿ, ಬಟ್ಟೆ ತೆಗೆದು, ಏನನ್ನೋ ನೀರಿಗೆ ಸುರಿದ. ಬೆಳ್ಳಗಿನದು. ಕೈ ಮುಗಿದು ಎದ್ದು ಹೋದ. ನಾನು ಜಾಲಿ ಗಿಡದ ಮರೆಯಲ್ಲಿದ್ದುದರಿಂದ ನನ್ನನ್ನು ನೋಡಲಿಲ್ಲ.

ನನಗೂ ಅವನಿಗೂ ಹಿಂದಿನ ವರ್ಷದಿಂದ ಮಾತು ಮುರಿದಿತ್ತು. ಅವನ ಎಮ್ಮೆ ನನ್ನ ಜೋಳಕ್ಕೆ ನುಗ್ಗಿತ್ತೆಂದು ನಾನು ಅದನ್ನು ಪಂಚಾಯ್ತಿಯ ದೊಡ್ಡಿಗೆ ಹೊಡೆಸಿದ್ದೆ. ಅವನು ನನ್ನ ಬಾಗಿಲಲ್ಲಿ ನಿಂತು, "ನೋಡಕೋತೇನಿ," ಎಂದು ಹೇಳಿ ಹೋಗಿದ್ದ.

ಹತ್ತು ದಿನ ಕಳೆಯುವುದರೊಳಗೆ ಕೆರೆಯ ನೀರಿನ ಮೇಲೆ ಹಸಿರು ಕೆನೆ ಕಟ್ಟಿತು. ನಮ್ಮ ಕೆರೆಯಲ್ಲಿ ಬೇಸಿಗೆಗೆ ಪಾಚಿ ಬರುವುದು ಹೊಸದೇನಲ್ಲ. ಆದರೆ ಇದು ಬಾಗಿಲಿಗೆ ಹಚ್ಚುವ ಎಣ್ಣೆಬಣ್ಣದಂತೆ ದಪ್ಪಗಿತ್ತು, ಕೈಗೆ ತೆಗೆದುಕೊಂಡರೆ ಎಳೆಯಾಗಿ ಬರದೆ ಬೆರಳ ಸಂದಿಯಿಂದ ಜಾರುತ್ತಿತ್ತು. ಆ ವಾರವೇ ಮೂರು ಎಮ್ಮೆಗಳು ಸತ್ತವು. ಮೂರನೆಯದು ನಮ್ಮ ಗೌರಿ. ಮಧ್ಯಾಹ್ನ ಕೆರೆಯಲ್ಲಿ ಕುಡಿದು ಬಂದದ್ದು, ಸಂಜೆಗೆ ಕಾಲು ನಡುಗಿ ಬಿತ್ತು, ಬಾಯಲ್ಲಿ ನೊರೆ ಬಂತು, ಅಷ್ಟೇ. ಎರಡು ತಿಂಗಳ ಅದರ ಕರು ಗೂಟದಲ್ಲಿ ಒದರುತ್ತಿತ್ತು. ಸವದತ್ತಿಯಿಂದ ಬಂದ ದನದ ಡಾಕ್ಟರು ಹೊಟ್ಟೆ ಬಗೆದು ನೋಡಿ, "ವಿಷ ಐತ್ರಿ ಇದು," ಎಂದರು. ಯಾವ ವಿಷ ಎಂದು ಹೇಳಲಿಲ್ಲ. ನನಗೆ ಹೇಳುವುದು ಬೇಕೂ ಇರಲಿಲ್ಲ.

ಅವತ್ತು ಸಂಜೆ ಬಸವಣ್ಣನ ಗುಡಿಯ ಕಟ್ಟೆಯ ಮೇಲೆ ಊರು ಕೂಡಿತ್ತು. ನಾನು ಯಾರ ಹೆಸರನ್ನೂ ಎತ್ತದೆ, ಒಬ್ಬ ಮನುಷ್ಯ ಬೆಳಗಿನ ಜಾವ ಕೆರೆಗೆ ಬೆಳ್ಳಗಿನದೇನೋ ಸುರಿದದ್ದನ್ನು ಕಂಡೆ ಎಂದೆ.

"ಬೆಳ್ಳಗಿದ್ದದ್ದೆಲ್ಲಾ ಹಾಲಲ್ರಿ. ಹತ್ತಿ ಹುಳಕ್ಕ ಹೊಡಿಯೂ ಎಣ್ಣಿನೂ ನೀರಿಗಿ ಬಿದ್ರ ಹಾಲಿನಂಗ ಬೆಳ್ಳಗ ಆಗತೈತಿ," ಎಂದೂ ಸೇರಿಸಿದೆ.

ಲಕ್ಕಪ್ಪ ತಾನಾಗಿಯೇ ಎದ್ದು ನಿಂತ. "ಅಂವ ನಾನ ರೀ. ನಮ್ಮ ಎಮ್ಮಿ ಈದಿತ್ತು. ಗಿಣ್ಣದ ಹಾಲು ಮೊದಲ ಗಂಗವ್ವಗ ಎರದು ಬಂದೆ. ನಮ್ಮ ಅಜ್ಜನ ಕಾಲದಿಂದ ಹಂಗ ಮಾಡತೇವಿ."

"ಈದದ್ದು ಖರೆ ಆದ್ರ ಕರಾ ಎಲ್ಲೈತಿ? ತೋರಸು," ಎಂದೆ.

"ಸತ್ತಿತ್ರಿ."

ಹಿಂದೆ ಯಾರೋ ನಕ್ಕರು. ನಾನೂ ನಕ್ಕೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನು ಇವನೇ ಎಂದು ಕಟ್ಟೆಯ ಮೇಲಿದ್ದವರಿಗೆಲ್ಲ ಅನಿಸಿತು. ಲಕ್ಕಪ್ಪ ಇನ್ನೇನೋ ಹೇಳಲು ಬಾಯಿ ತೆರೆದವನು ಕಟ್ಟೆ ಇಳಿದು ಹೊರಟುಹೋದ.

ಊರೇನೂ ಅವನನ್ನು ಹೊಡೆಯಲಿಲ್ಲ, ಬಡಿಯಲಿಲ್ಲ. ಆದರೆ ಕೆರೆಯ ಹತ್ತಿರ ಅವನು ಸುಳಿಯಬಾರದು ಎಂದಾಯಿತು. ಊರಿನ ಬೋರಿಗೂ ಅವನ ಹೆಂಡತಿ ಶಟ್ಟೆವ್ವ ಬಂದರೆ ಉಳಿದ ಹೆಂಗಸರು ಕೊಡ ಎತ್ತಿಕೊಂಡು ದೂರ ಸರಿಯುತ್ತಿದ್ದರು. ಎರಡು ದಿನಕ್ಕೆ ಅವಳೂ ಬರುವುದನ್ನು ಬಿಟ್ಟಳು. ಲಕ್ಕಪ್ಪ ದಿನಾ ಎತ್ತು ಎಮ್ಮೆ ಹೊಡೆದುಕೊಂಡು ಎರಡು ಹರದಾರಿ ದೂರದ ಮಲಪ್ರಭೆಯ ಹಿನ್ನೀರಿಗೆ ನಡೆದು, ಅಲ್ಲಿಂದಲೇ ಎರಡು ಕೊಡ ಹೊತ್ತು ಬರತೊಡಗಿದ. ಪಂಚಾಯ್ತಿ ಮೆಂಬರ ನಿಂಗರಾಜ ಫಿರ್ಯಾದಿ ಬರೆದಿಟ್ಟಿದ್ದ. ಸಾಕ್ಷಿ ಎಂದು ನನ್ನ ಸಹಿ ಬಿದ್ದರೆ ಅದು ಪೊಲೀಸ್ ಠಾಣೆಗೆ ಹೋಗುವುದಿತ್ತು. ಲಕ್ಕಪ್ಪ ಒಳಗೆ ಹೋಗುತ್ತಿದ್ದ. ಮಂಗಳವಾರ ಸಹಿ ಮಾಡುತ್ತೇನೆ ಎಂದಿದ್ದೆ.

ಅದಕ್ಕೆ ನಾಲ್ಕು ದಿನ ಮೊದಲು, ಶುಕ್ರವಾರ, ಒಂದು ಟೆಂಪೊ ಕೆರೆಯ ದಂಡೆಗೆ ಬಂದು ನಿಂತಿತು. ಅದರಿಂದ ಇಳಿದವಳ ಹೆಸರು ರಾಜೇಶ್ವರಿ. ಧಾರವಾಡದಲ್ಲಿ ಸಂಶೋಧನೆ ಮಾಡುತ್ತಿದ್ದಾಳಂತೆ, ದನದ ಡಾಕ್ಟರು ಸುದ್ದಿ ಮುಟ್ಟಿಸಿದ್ದರಂತೆ. ಕೆರೆಯ ನೀರನ್ನು ಸೀಸೆಯಲ್ಲಿ ತುಂಬಿ, ಟೆಂಪೊದಲ್ಲೇ ಸೂಕ್ಷ್ಮದರ್ಶಕ ಇಟ್ಟುಕೊಂಡು ಒಂದು ತಾಸು ನೋಡಿದಳು. ನೆರೆದ ಮಂದಿಗೆ, "ಇದರಾಗ ಯಾರೂ ಏನೂ ಹಾಕಿಲ್ರಿ," ಎಂದಳು. "ಈ ಹಸರು ಕೆನಿ ಐತಲ್ರಿ, ಇದರ ಹೊಟ್ಯಾಗ ವಿಷ ಐತಿ. ನಾವು ಪಾಚಿ ಅಂತೇವಿ, ಖರೇವಂದ್ರ ಇದೊಂದು ಜಾತಿ ಬ್ಯಾಕ್ಟೀರಿಯಾ. ನೀರು ಕಡಿಮಿ ಆಗಿ, ಬಿಸಲು ಜೋರಾಗಿ, ಸುತ್ತಲಿನ ಹೊಲದ ಸರಕಾರಿ ಗೊಬ್ಬರ, ಯೂರಿಯಾದಂಥಾದ್ದು, ಹರದು ಬಂದು ಕೂಡಿದ್ರ ಹಿಂಗ ಬೆಳೀತೈತಿ."

ನನ್ನ ಸಿಟ್ಟು ನೆತ್ತಿಗೇರಿತು. ಎಲ್ಲಿಯೋ ಕೂತಿದ್ದವಳು ಇಲ್ಲಿಗೆ ಬಂದು ಒಂದು ತಾಸಿನಲ್ಲಿ ಲಕ್ಕಪ್ಪನನ್ನು ಬಿಡಿಸಿಕೊಂಡು ಹೋಗುತ್ತಾಳೆಂದರೆ ಏನರ್ಥ? ಅವನೇ ಯಾರ ಕೈಯಿಂದಲೋ ಕರೆಸಿರಬೇಕು.

"ಯಾರ ಮಗಳವ್ವಾ ನೀ?" ಎಂದೆ.

"ಬೈಲಹೊಂಗಲದ ರಾಯಪ್ಪನ ಮಗಳ್ರಿ. ನಮ್ಮಪ್ಪನ ಅಂಡಿಗ್ಯಾಗ ಕೈ ಹಾಕಿ ಹಸಿ ಹತ್ತಿ ತಗದ ಶಂಕರೆಪ್ಪ ಕಾಕಾ ನೀವ ಏನ್ರಿ?" ಎಂದು ನಕ್ಕಳು.

ರಾಯಪ್ಪನ ನೆನಪು ನನಗೆ ಚೆನ್ನಾಗಿತ್ತು. ಹಸಿ ಹತ್ತಿ ತಂದವನ ಮಗಳು ತಿಳಿ ಮಾತು ತಂದಿದ್ದಾಳೆ ಎಂದುಕೊಂಡೆ.

ಅವಳ ಟೆಂಪೊದಲ್ಲಿ ಒಂದು ಯಂತ್ರವೂ ಇತ್ತು. ಟ್ರಂಕಿನಷ್ಟು ದೊಡ್ಡ ಕಬ್ಬಿಣದ ಪೆಟ್ಟಿಗೆ, ಅದರಿಂದ ಹೊರಟ ದಪ್ಪ ವೈರು, ವೈರಿನ ತುದಿಗೆ ಐದಾರು ಗಾಜಿನ ಕೊಳವೆಗಳು, ಮೀನು ಸಾಕುವ ಗಾಜಿನ ಪೆಟ್ಟಿಗೆಗೆ ಗಾಳಿ ಊದುವಂಥ ಒಂದು ಸಣ್ಣ ಪಂಪು. ಈ ಕೆನೆಯನ್ನು ಒಡೆದು ಅದರ ವಿಷವನ್ನೂ ಸಾಯಿಸುವ ಯಂತ್ರವಂತೆ. ಔಷಧ ಹಾಕುವುದಿಲ್ಲ, ಸುಣ್ಣ ಹಾಕುವುದಿಲ್ಲ, ಕುದಿಸುವುದೂ ಇಲ್ಲ.

"ಮುಗಿಲಿನ ಮಿಂಚು ಸುಡತೈತಲ್ರಿ ಕಾಕಾ, ಇದು ಸುಡದ ಮಿಂಚು. ಗಾಳಿಯೊಳಗ ಕರೆಂಟ್ ಹಾಯಿಸಿ ಗಾಳೀನ ಒಡೀತೇವಿ. ಒಡದ ಗಾಳಿ ಭಾಳ ಖಡಕ್ ಆಗತೈತಿ. ನೀರಿಗಿ ಬಿಟ್ರ ಈ ಜೀವಗಳ ಮೈಗ್ವಾಡಿ ಹರೀತೈತಿ. ತಂಪು ಪ್ಲಾಸ್ಮಾ ಅಂತಾರ ಇದಕ್ಕ. ಇನ್ನೂ ಪ್ರಯೋಗದಾಗ ಐತಿ. ನಿಮ್ಮ ಕೆರಿ ನೀರಿನ ಮ್ಯಾಲ ಒಂದ ಸಲ ನಡಸಿ ನೋಡೂಣಂತ ತಂದೇನಿ."

"ಇಡೀ ಕೆರಿ ಸ್ವಚ್ಛ ಮಾಡತಿ?"

"ಇಲ್ರಿ. ಇಷ್ಟ ಸಣ್ಣದು ಒಂದು ಕೊಡಕ್ಕ ಒಂದು ತಾಸು ತಗೋತೈತಿ. ಕೆರಿಗಿ ನೂರು ವರ್ಷ ಬೇಕು."

ಮಾರಲು ಬಂದವರು ಹೀಗೆ ಹೇಳುವುದಿಲ್ಲ. ಅದೇ ನನಗೆ ಇನ್ನಷ್ಟು ಅನುಮಾನ ತಂದಿತು. ಮಾರಲು ಬಂದಿಲ್ಲವೆಂದರೆ ಮತ್ತೆ ಯಾಕೆ ಬಂದಳು? ಲಕ್ಕಪ್ಪನ ಸಲುವಾಗಿಯೇ ಬಂದಿರಬೇಕು ಎಂದು ಗಟ್ಟಿ ಮಾಡಿಕೊಂಡೆ.

ಪ್ರಯೋಗ ಭಾನುವಾರಕ್ಕೆ ಗೊತ್ತಾಯಿತು. ನಾನು ನನ್ನ ಷರತ್ತುಗಳನ್ನು ಹಾಕಿದೆ. ಕೊಡ ನಮ್ಮ ಮನೆಯದು, ನೀರು ತುಂಬುವವನು ನಾನು, ಮುಗಿಯುವವರೆಗೆ ಅದರ ಕಾವಲಿಗೆ ನಾನು. ಅವಳು ಎಲ್ಲಕ್ಕೂ ಹೂಂ ಎಂದಳು. ಕೆರೆಯ ಮಧ್ಯದ ನೀರು ಸಾಕು ಎಂದಿದ್ದಳು. ಯಂತ್ರ ಸೋಲಲಿ ಎಂದು ನಾನು ದಂಡೆಗೆ ಗಾಳಿ ನೂಕಿ ತಂದಿದ್ದ ದಪ್ಪ ಕೆನೆಯನ್ನೇ ಬಳಿದು ಬಳಿದು ತುಂಬಿದೆ.

ಪಂಚಾಯ್ತಿಯ ಪಂಪಿನ ಮನೆಯಿಂದ ಕರೆಂಟು ಎಳೆದರು. ಬೇವಿನ ಗಿಡದ ನೆರಳಲ್ಲಿ ಅರ್ಧ ಊರು ನಿಂತಿತ್ತು. ಲಕ್ಕಪ್ಪ ಮಾತ್ರ ಆಚೆ ದಂಡೆಯಲ್ಲಿ, ತನ್ನ ಹೊಲದ ಬದುವಿನ ಮೇಲೆ ಕೂತು ನೋಡುತ್ತಿದ್ದ. ಕರೆಂಟು ಹತ್ತಕ್ಕೆ ಬಂತು. ರಾಜೇಶ್ವರಿ ಗುಂಡಿ ಒತ್ತಿದಳು. ಪೆಟ್ಟಿಗೆ ಜೇನುಹುಳದಂತೆ ಗುಂಯ್ ಎಂದಿತು. ಗಾಜಿನ ಕೊಳವೆಗಳ ತುದಿಯಲ್ಲಿ ನೇರಳೆ ಬಣ್ಣದ ಬೆಳಕು ಹೊತ್ತಿಕೊಂಡಿತು, ಯರಗಟ್ಟಿಯ ಜೆರಾಕ್ಸ್ ಅಂಗಡಿಯಲ್ಲಿ ಬರುವಂಥ ಘಾಟು ವಾಸನೆ ಮೂಗಿಗೆ ಬಡಿಯಿತು. ಕೊಳವೆಗಳನ್ನು ಕೊಡಕ್ಕೆ ಇಳಿಸುವ ಮೊದಲು ಅವಳು ಆ ಬೆಳಕಿಗೆ ತನ್ನ ಬೆರಳು ಹಿಡಿದಳು. ಮಂದಿ ಹೋ ಎಂದರು.

"ಬರ್ರಿ ಕಾಕಾ. ಕೈ ಹಾಕೂದು ನಿಮ್ಮ ಕೆಲಸ ಅಲ್ರಿ?"

ಹಾಕಿದೆ. ಸುಡಲಿಲ್ಲ. ಯಾರೋ ಮೆಲ್ಲಗೆ ಉಸಿರು ಬಿಟ್ಟಷ್ಟು ತಂಪಾಗಿತ್ತು. ಸುಟ್ಟಿದ್ದರೆ ನಂಬುತ್ತಿದ್ದೆನೇನೋ. ಸುಡದ ಬೆಂಕಿಯನ್ನು ಹೇಗೆ ನಂಬುವುದು?

ಕೊಡದೊಳಗೆ ಗುಳ್ಳೆ ಎದ್ದವು. ಹತ್ತು ನಿಮಿಷಕ್ಕೆ ಹಸಿರು ಮಾಸಿತು. ಇಪ್ಪತ್ತು ನಿಮಿಷಕ್ಕೆ ಹಳದಿಯಾಯಿತು. ಅರ್ಧ ತಾಸು ಆಗುವ ಹೊತ್ತಿಗೆ ಹೊಟ್ಟಿನಂಥದು ತಳಕ್ಕೆ ಕೂತು ಮೇಲೆ ಬರೀ ತಿಳಿ ನೀರು. ಕೊಡದ ತಳದ ನಗ್ಗು ಕೂಡ ಅಲ್ಲಲ್ಲಿ ಕಾಣುತ್ತಿತ್ತು. ನಿಂಗರಾಜ ಚಪ್ಪಾಳೆ ಹೊಡೆದ. ಅಷ್ಟರಲ್ಲಿ ಕರೆಂಟು ಹೋಯಿತು. ಪೆಟ್ಟಿಗೆ ಸುಮ್ಮನಾಯಿತು. ಲೈನಿನ ಮೇಲೆ ಎಲ್ಲೋ ಗಿಡ ಬಿದ್ದಿದೆ, ಇನ್ನು ನಾಳೆಯೇ ಎಂದು ಸುದ್ದಿ ಬಂತು.

ರಾಜೇಶ್ವರಿಯ ಮುಖ ಸಣ್ಣದಾಯಿತು. "ಇದನ್ನ ಯಾರೂ ಮುಟ್ಟಬ್ಯಾಡ್ರಿ," ಎಂದಳು. "ಅರ್ಧಕ್ಕ ನಿಂತೈತಿ. ಇವುಗಳ ಗ್ವಾಡಿ ಒಡದಾವು, ಒಳಗಿನ ವಿಷ ಎಲ್ಲಾ ಈಗ ನೀರಿಗಿ ಬಂದೈತಿ. ಇನ್ನ ಅರ್ಧ ತಾಸು ನಡದಿದ್ರ ಆ ವಿಷಾನೂ ಒಡೀತಿತ್ತು. ಈಗಿಂದು ಮೊದಲಿನ ಹಸರು ನೀರಿಗಿಂತ ಕೆಟ್ಟದು. ಕುದಿಸಿದ್ರೂ ಹೋಗೂದಿಲ್ಲ."

ನಾನು ಕಾಯುತ್ತಿದ್ದದ್ದೇ ಇದಕ್ಕೆ. ಹಸಿರು ಇದ್ದಾಗ ಹಸಿರೇ ವಿಷ ಎಂದಳು. ಹಸಿರು ಹೋಗಿ ಕನ್ನಡಿಯಂಥ ನೀರು ಬಂದಾಗ ಇದು ಇನ್ನೂ ಕೆಟ್ಟದು ಎನ್ನುತ್ತಿದ್ದಾಳೆ. ಎಂಥ ಹುಚ್ಚನೂ ನಂಬುವ ಮಾತೇ ಇದು? ಕೊಡವನ್ನು ಟೆಂಪೊದಲ್ಲಿ ಇಟ್ಟುಕೊಂಡು ಹೋಗುತ್ತೇನೆ ಎಂದಳು. "ಕೊಡ ಎಲ್ಲಿಗೂ ಹೋಗೂದಿಲ್ಲ," ಎಂದೆ. ವಾದ ಮಾಡಿದಳು, ಕೊನೆಗೆ ಸೋತಳು. ಬಾಯಿಗೆ ಬಟ್ಟೆ ಕಟ್ಟಿ, ಮೇಲೆ 'ವಿಷ' ಎಂದು ಬರೆದ ಕಾಗದ ಅಂಟಿಸಿ, ನಾಳೆ ಹತ್ತಕ್ಕೆ ಬರುತ್ತೇನೆಂದು ಸವದತ್ತಿಗೆ ಹೋದಳು. ನಾನು ಕೊಡವನ್ನು ಮನೆಗೆ ತಂದು ದನದ ಪಡಸಾಲೆಯ ಮೂಲೆಗಿಟ್ಟು, ಚನ್ನವ್ವನಿಗೆ ಮುಟ್ಟಬೇಡ ಎಂದಷ್ಟೇ ಹೇಳಿದೆ. ಏನು ಎತ್ತ ಎಂದು ಹೇಳಲಿಲ್ಲ. ಅವಳ ಬಾಯಲ್ಲಿ ಮಾತು ನಿಲ್ಲುವುದಿಲ್ಲ ಎಂದು ಅವಳ ಮೇಲೂ ನನಗೆ ಅನುಮಾನ.

ನಮ್ಮ ಕಡೆ ನೀರು ಪರೀಕ್ಷೆ ಮಾಡಲು ಯಂತ್ರ ಬೇಕಿಲ್ಲ. ಹೊಸ ಬಾವಿ ತೋಡಿದರೆ ಮೊದಲ ಕೊಡದ ನೀರಿನಲ್ಲಿ ತೊಗರಿ ಬೇಳೆ ಬೇಯಿಸುತ್ತಾರೆ. ಬೇಳೆ ಬೆಣ್ಣೆಯಂತೆ ಬೆಂದರೆ ಸಿಹಿನೀರು, ಕಾಳು ಕಾಳಾಗಿ ಉಳಿದರೆ ಬಾವಿಯನ್ನು ದನಕ್ಕೆ ಬಿಡುತ್ತಾರೆ. ನಮ್ಮಪ್ಪ ಹಾಗೆಯೇ ಮೂರು ಬಾವಿ ಪಾಸು ಮಾಡಿದವನು. ಸೋಮವಾರ ಬೆಳಿಗ್ಗೆ ಚನ್ನವ್ವ ಗುಡಿಗೆ ಹೋದದ್ದನ್ನು ನೋಡಿ ಕೊಡದ ಬಟ್ಟೆ ಬಿಚ್ಚಿದೆ. ತಳದ ಹೊಟ್ಟು ಕದಡದಂತೆ ಮೇಲಿನ ಅರ್ಧ ಕೊಡ ತಿಳಿ ನೀರನ್ನು ದೊಡ್ಡ ಬೋಗುಣಿಗೆ ಬಸಿದು ಒಲೆಯ ಮೇಲೆ ಬೇಳೆ ಇಟ್ಟೆ. ಹತ್ತು ಮಂದಿಯ ಎದುರು ಉಂಡು ತೋರಿಸಬೇಕೆಂಬುದು ನನ್ನ ಲೆಕ್ಕ. ಇವಳ ಮಾತು ಸುಳ್ಳೆಂದು ಆ ಒಂದು ತುತ್ತಿನಲ್ಲಿ ತೋರಿಸಿಬಿಟ್ಟರೆ ಲಕ್ಕಪ್ಪನ ಪರವಾಗಿ ಆಡಿದ ಮಾತೂ ಸುಳ್ಳೇ ಆಗುತ್ತದಲ್ಲ.

ಬೇಳೆ ಬೆಂದಿತು. ಎಷ್ಟು ಚೆಂದ ಬೆಂದಿತೆಂದರೆ ಸೌಟು ತಾಗಿಸಿದರೆ ಕರಗುತ್ತಿತ್ತು. ನನಗೆ ಆದ ಖುಷಿ ಹೇಳತೀರದು. ಬೋಗುಣಿ ಇಳಿಸಿ ಮುಚ್ಚಿ, ನಿಂಗರಾಜನನ್ನೂ ನಾಲ್ಕು ಹಿರಿಯರನ್ನೂ ಕರೆತರಲು ಹೊರಟೆ. ಒಬ್ಬ ಸ್ನಾನಕ್ಕೆ ಕೂತಿದ್ದ, ಒಬ್ಬ ಹೊಲಕ್ಕೆ ಹೋಗಿದ್ದ. ಎಲ್ಲರನ್ನೂ ಕೂಡಿಸಿಕೊಂಡು ಮನೆಗೆ ಬರುವ ಹೊತ್ತಿಗೆ ಒಂಬತ್ತೂವರೆ ಆಗಿತ್ತು.

ಬೋಗುಣಿ ಅಂಗಳದಲ್ಲಿ ಬೋರಲು ಬಿದ್ದಿತ್ತು. ತೊಳೆದಿಟ್ಟಿತ್ತು.

"ಬ್ಯಾಳಿ ಎಲ್ಲಿ?" ಎಂದು ಒದರಿದೆ.

ಚನ್ನವ್ವ ಒಳಗಿನಿಂದ ಬಂದಳು. "ಅದೇನ್ರಿ ಹುಚ್ಚಗೆಲಸ? ಉಪ್ಪಿಲ್ಲ, ಅರಿಷಿಣಿಲ್ಲ, ಹತ್ತ ಮಂದಿಗಾಗೂವಷ್ಟು ಬ್ಯಾಳಿ ಕುದಿಸಿಟ್ಟೀರಿ. ಇವತ್ತ ಸೋಮವಾರ, ನನಗ ಒಪ್ಪತ್ತು. ನೀವೂ ಮನ್ಯಾಗಿಲ್ಲ. ಕೆಡತೈತಂತ ದನದ ಮುಸರಿಗಿ ಸುರವಿದೆ. ಪಾಪ, ತಾಯಿಲ್ಲದ ಕರಾ, ಗಟಗಟ ಕುಡೀತು."

ನಾನು ಅವಳ ರಟ್ಟೆ ಹಿಡಿದೆ. "ನೀ ಬಾಯಿಗಿ ಹಾಕ್ಕೊಂಡಿ? ರುಚಿ ನೋಡಿದಿ?"

"ಒಪ್ಪತ್ತು ಅಂದ್ನೆಲ್ರಿ! ಬಿಡ್ರಿ, ನೋವಾಗತೈತಿ."

ಆ ಗಳಿಗೆಯಲ್ಲಿ ನನಗೆ ಒಂದು ಸಂಗತಿ ಹೊಳೆಯಿತು. ನೀರು ಒಳ್ಳೆಯದೆಂದು ನಾನು ನಂಬಿದ್ದೇ ಖರೆಯಾಗಿದ್ದರೆ ಅವಳ ರಟ್ಟೆ ಅಷ್ಟು ಗಟ್ಟಿಯಾಗಿ ಹಿಡಿಯುತ್ತಿರಲಿಲ್ಲ. ಪಡಸಾಲೆಗೆ ಓಡಿದೆ. ಕರು ನಿಂತೇ ಇತ್ತು, ಆದರೆ ಹಿಂಗಾಲು ಅಗಲಿಸಿಕೊಂಡು ನಿಂತಿತ್ತು. ನನ್ನ ಕೈ ಮೂಸಿತು. ಮುಂಗಾಲು ನಡುಗಿತು. ಗೌರಿಯ ಕಾಲು ನಡುಗಿದ್ದೂ ಹೀಗೆಯೇ.

ಹತ್ತಕ್ಕೆ ಟೆಂಪೊ ಬಂತು. ರಾಜೇಶ್ವರಿ ಬಟ್ಟೆ ಬಿಚ್ಚಿದ ಕೊಡವನ್ನು ನೋಡಿದಳು, ಬಿದ್ದಿದ್ದ ಕರುವನ್ನು ನೋಡಿದಳು, ನನ್ನನ್ನು ನೋಡಿದಳು. ಬಯ್ಯಲಿಲ್ಲ. ಬೈದಿದ್ದರೆ ನನಗೆ ಸಮಾಧಾನ ಆಗುತ್ತಿತ್ತು. "ಯಾರರ ಮನಶ್ಯಾರು ತಿಂದಾರೇನ್ರಿ?" ಎಂದು ಎರಡು ಸಲ ಕೇಳಿದಳು. ಇಲ್ಲ ಎಂದ ಮೇಲೆ ಡಾಕ್ಟರಿಗೆ ಫೋನು ಹಚ್ಚಿದಳು. ಡಾಕ್ಟರು ಬರುವುದರೊಳಗೆ ಚನ್ನವ್ವನ ತೊಡೆಯ ಮೇಲೆ ತಲೆಯಿಟ್ಟು ಕರು ಸತ್ತಿತು. ಚನ್ನವ್ವ ಅತ್ತಳು. ಅಳುತ್ತಲೇ, "ಇದು ಆ ನೀರು ಅಂತ ಒಂದ ಮಾತು ನನಗ ಹೇಳಿದ್ರ ಏನಾಗತಿತ್ರಿ ನಿಮಗ?" ಎಂದಳು.

ಉಳಿದ ಅರ್ಧ ಕೊಡದಿಂದ ರಾಜೇಶ್ವರಿ ಒಂದು ಸೀಸೆ ತುಂಬಿಕೊಂಡು, ಮಿಕ್ಕಿದ್ದಕ್ಕೆ ಯಂತ್ರ ಇಳಿಸಿ ಪೂರಾ ಒಂದು ತಾಸು ನಡೆಸಿದಳು, ಅದರದೂ ಒಂದು ಸೀಸೆ ತುಂಬಿದಳು. ನಾನು ಕಾವಲು ಕೂಡಲಿಲ್ಲ. ವಾರದ ಮೇಲೆ ಧಾರವಾಡದಿಂದ ಕಾಗದ ಬಂತು. ಮೊದಲ ಸೀಸೆಯಲ್ಲಿ ವಿಷ ಇತ್ತು, ಎರಡನೆಯದರಲ್ಲಿ ಹುಡುಕಿದರೂ ಸಿಕ್ಕಲಿಲ್ಲ. ಕರುವಿನ ಹೊಟ್ಟೆಯಲ್ಲಿದ್ದದ್ದೂ ಗೌರಿಯ ಹೊಟ್ಟೆಯಲ್ಲಿದ್ದದ್ದೂ ಒಂದೇ. ಹತ್ತಿಗೆ ಹೊಡೆಯುವ ಎಣ್ಣೆಯ ಸುಳಿವೇ ಇರಲಿಲ್ಲ.

ನಾನು ಆ ಕಾಗದಕ್ಕೆ ಕಾದಿರಲಿಲ್ಲ. ಕರು ಸತ್ತ ದಿನವೇ ಸಂಜೆ ನಿಂಗರಾಜನ ಹತ್ತಿರ ಫಿರ್ಯಾದಿ ಈಸಿಕೊಂಡು ಹರಿದುಹಾಕಿದ್ದೆ. ಅಲ್ಲಿಂದ ಸೀದಾ ಕೆರೆಯ ಏರಿಯ ಮೇಲೆ ಹಾದು ಲಕ್ಕಪ್ಪನ ಮನೆಗೆ ನಡೆದೆ. ನಮ್ಮ ಮನೆಯಿಂದ ಅಲ್ಲಿಗೆ ಮುನ್ನೂರು ಹೆಜ್ಜೆಯೂ ಇಲ್ಲ. ಒಂದು ವರ್ಷದಿಂದ ಆ ಮುನ್ನೂರು ಹೆಜ್ಜೆ ನಾನು ಇಟ್ಟಿರಲಿಲ್ಲ.

ಶಟ್ಟೆವ್ವ ಎಮ್ಮೆ ಕರೆಯುತ್ತಿದ್ದಳು. ಎಮ್ಮೆಯ ಮುಂದೆ ಒಂದು ಕರು ನಿಂತಿತ್ತು. ಎಮ್ಮೆ ಅದನ್ನು ನೆಕ್ಕುತ್ತಿತ್ತು. ಕರು ಅಲುಗಾಡುತ್ತಿರಲಿಲ್ಲ. ಹತ್ತಿರ ಹೋದಾಗ ತಿಳಿಯಿತು. ಸತ್ತ ಕರುವಿನ ತೊಗಲು ಬಿಡಿಸಿ, ಒಣಗಿಸಿ, ಒಳಗೆ ಹುಲ್ಲು ತುಂಬಿ ಹೊಲಿದು, ಕೋಲಿನ ಕಾಲು ಹಚ್ಚಿ ನಿಲ್ಲಿಸಿದ್ದರು. ಕರು ಎದುರಿಗಿಲ್ಲದಿದ್ದರೆ ಕೆಲವು ಎಮ್ಮೆ ಹಾಲು ಇಳಿಸುವುದಿಲ್ಲ. ಅದಕ್ಕೆ ನಮ್ಮ ಕಡೆ ಹೀಗೆ ಮಾಡುವುದುಂಟು.

ಲಕ್ಕಪ್ಪ ಗ್ವಾದಲಿಯ ಪಕ್ಕದಿಂದ ಎದ್ದು ಬಂದ. ನಾನು ಏನು ಹೇಳಬೇಕೆಂದು ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದೆನೋ ಅದನ್ನು ಬಿಟ್ಟು ಹುಲ್ಲಿನ ಕರುವಿನ ಕಡೆ ಕೈ ತೋರಿಸಿದೆ.

"ಇದು ಯಾವಾಗ ಸತ್ತಿತ್ತು?" ಎಂದೆ.

"ಎಂಟ ದಿನದ್ದಿತ್ರಿ ಅಣ್ಣಾರ. ತಾಯಿ ಸಂಗಾಟ ಕೆರಿಗಿ ಹೋಗಿ ನೀರಿಗಿ ಬಾಯಿ ಹಚ್ಚಿತು. ನಿಮ್ಮ ಗೌರಿಗಿಂತ ಮೊದಲ, ಎಲ್ಲಾರ್ಕಿಂತ ಮೊದಲ ಸತ್ತದ್ದು ಇದ. ಕಟ್ಟಿ ಮ್ಯಾಲ ಅದನ್ನ ಹೇಳಬೇಕಂತ ಎದ್ದಿದ್ದೆ. ಸತ್ತಿತು ಅನ್ನೂದರಾಗ ನಕ್ರಿ."

"ತಪ್ಪಾತು ಲಕ್ಕಪ್ಪ," ಎಂದೆ. ಬರೀ ಅಷ್ಟೇ ಬಂತು.

ಅವನು ಕರುವಿನ ಪಕ್ಕ ಕುಕ್ಕರಗಾಲಲ್ಲಿ ಕೂತ. ಕರುವಿನ ಹೊಟ್ಟೆಯ ಕಡೆ ಹೊಲಿಗೆ ಒಂದು ಗೇಣು ಬಿಚ್ಚಿತ್ತು. ಅದನ್ನು ತೋರಿಸಿದ.

"ಹಾಕ್ರಿ ಕೈ. ಅಂಡಿಗ್ಯಾಗ ಹಾಕಿದಂಗ ಹಾಕಿ ನೋಡ್ರಿ. ಆಮ್ಯಾಲ ಮತ್ತ ಅನಮಾನ ಉಳೀಬಾರದು."

ಶಟ್ಟೆವ್ವ ಹಾಲು ಕರೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ನನಗೆ ಅಲ್ಲಿಂದ ಓಡಿಹೋಗಬೇಕೆನಿಸಿತು. ಆದರೆ ಹಾಕಲಾರೆ ಎನ್ನುವ ಹಕ್ಕು ನನಗೆ ಎಲ್ಲಿತ್ತು? ಅಂಗಿಯ ತೋಳು ಮಡಚಿ ಕೈ ಹಾಕಿದೆ. ಒಣ ಹುಲ್ಲು ಚುಚ್ಚಿತು. ಒಳಗೆ ಸಣ್ಣ ಸಣ್ಣ ಪಕ್ಕೆಯ ಜಾಗದಲ್ಲಿ ತೊಗಲು ಏರಿಳಿದದ್ದು ಬೆರಳಿಗೆ ಸಿಕ್ಕಿತು. ಕೈ ಹೊರಗೆ ತೆಗೆದಾಗ ಎಮ್ಮೆ ಕತ್ತು ಚಾಚಿ, ತನ್ನ ಕರುವಿನ ವಾಸನೆ ಹತ್ತಿದ ನನ್ನ ಕೈಯನ್ನು ಮೊಣಕೈವರೆಗೆ ನೆಕ್ಕಿತು. ನಾನು ಅಲ್ಲೇ ನಿಂತು ಅತ್ತೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಕಟ್ಟೆಯ ಮೇಲೆ ಒಂದು ಸಲ ಆಡಿದ ಮಾತು ಒಂದು ತಾಸಿನಲ್ಲಿ ಊರು ತಿರುಗಿತ್ತು. ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ಅದೇ ಕಟ್ಟೆಯ ಮೇಲೆ ನಿಂತು ಹೇಳಿದೆ, ಸಾಲದೆಂದು ಮನೆಮನೆಗೆ ಹೋಗಿ ಹೇಳಿದೆ. ಕೆಲವರು ನಂಬಿದರು. ಕೆಲವರು, ಲಕ್ಕಪ್ಪ ಇವರಿಗೆ ಏನೋ ಕೊಟ್ಟಿರಬೇಕು ಎಂದು ನನ್ನ ಬೆನ್ನ ಹಿಂದೆ ಆಡಿಕೊಂಡರು. ಅವರಿಗೆ ಏನೆನ್ನಲಿ? ಆ ವಿದ್ಯೆ ಊರಿಗೆ ಕಲಿಸಿದವನು ನಾನೇ.

ರಾಜೇಶ್ವರಿ ಹೇಳಿದಂತೆ ಮಳೆ ಬಂದು ಕೆರೆ ಹೊಸ ನೀರು ಕಾಣುವವರೆಗೆ ಅದಕ್ಕೆ ಮುಳ್ಳಿನ ಬೇಲಿ ಬಡಿದೆವು. ಇಡೀ ಊರಿನ ದನಗಳಿಗೆ ಈಗ ಹಿನ್ನೀರೇ ಗತಿ. ಎರಡು ಹರದಾರಿಯ ಆ ದಾರಿಯಲ್ಲಿ ಕೆಸರು ಎಲ್ಲಿದೆ, ದನ ಎಲ್ಲಿ ಇಳಿದರೆ ಹೂತುಹೋಗುವುದಿಲ್ಲ, ಹಸಿರಿಲ್ಲದ ನೀರು ಎಲ್ಲಿ ಸಿಗುತ್ತದೆ ಎಂಬುದು ಗೊತ್ತಿದ್ದವನು ಒಬ್ಬನೇ. ನಾನು ನನ್ನ ಎತ್ತು ಹೊಡೆದುಕೊಂಡು ಅವನ ಹೊಲದ ಬದುವಿನಲ್ಲಿ ನಿಂತೆ.

"ನಾವೂ ಬರತೇವಪಾ," ಎಂದೆ.

ಲಕ್ಕಪ್ಪ ತಿರುಗಿ ನೋಡಿದ. "ನಾ ಹೋದಲ್ಲೆ ಹೋಗಬೇಕು. ನಡಬರಕ ನಿಂತು ನೀರು ಹೆಂಗೈತಿ ಅಂತ ಕೇಳೂದಿಲ್ಲ."

"ಕೇಳೂದಿಲ್ಲ."

"ಹಂಗಾರ ಹಿಂದ ಬರ್ರಿ," ಎಂದು ಎಮ್ಮೆಯನ್ನು ಹೊಡೆದ. ಹಿಂದೆ ನಡೆದೆ.